ನಿಂತುಹೋದದ್ದಕ್ಕೆ ಎರಡೇಟು

ಸ್ನೇಹ ಮಂಚಯ್ಯನವರ ಕೆನ್ನೆಗೆ ಹೊಡೆದಾಗ ಬೆಳಗಿನ ಆರೂಕಾಲು. ಹಾಲಿನ ಡೈರಿಯ ಮುಂದೆ ಇಪ್ಪತ್ತು ಜನ ಕ್ಯಾನು, ಚೆಂಬು, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ನಡುವೆ ಮಂಚಯ್ಯ ನಿಂತಲ್ಲೇ ತೂಕಡಿಸುತ್ತಿದ್ದರು. ಅವರ ಮುಂದಿನವರೆಲ್ಲ ಮುಂದೆ ಹೋಗಿದ್ದರು, ಅವರು ಮಾತ್ರ ಹೋಗಿರಲಿಲ್ಲ. ನಾಲ್ಕು ವರ್ಷದ ಸ್ನೇಹ ಜಗಲಿ ಹತ್ತಿ, ಅವರ ಮುಖಕ್ಕೆ ಕೈ ಎಟುಕುವಂತೆ ನಿಂತು, ಎಡಗೆನ್ನೆಗೆ ಪಟಪಟನೆ ಎರಡು ಬಿಗಿದಳು. ಮಂಚಯ್ಯ ಕಣ್ಣು ಬಿಟ್ಟರು, ನಾಲ್ಕು ಹೆಜ್ಜೆ ಮುಂದೆ ಮುಗ್ಗರಿಸಿದರು, ಕೈಯಲ್ಲಿದ್ದ ಹಾಲಿನಲ್ಲಿ ಅರ್ಧವನ್ನು ಮುಂದಿದ್ದ ಪಾರ್ವತಮ್ಮನ ಬೆನ್ನಿಗೆ ಸುರಿದರು.

"ಓಡ್ತು" ಅಂದಳು ಸ್ನೇಹ, ಕೈ ಒರೆಸಿಕೊಂಡು.

ಅವಳ ಅಪ್ಪ ನಾಗರಾಜು ಆಗ ಡೈರಿಯ ಒಳಗೆ ಮಿಷನ್ನಿನ ಮುಂದೆ ಕೂತಿದ್ದ. ಹುಣಸೆಕೊಪ್ಪಲಿನ ಡೈರಿಯಲ್ಲಿ ಅವನು ಟೆಸ್ಟರು. ಅಂದರೆ ಊರವರು ತಂದ ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಮಿಷನ್ನಿನಲ್ಲಿ ನೋಡಿ ಎಲ್ಲರ ಎದುರಿಗೆ ಹೇಳುವವನು. ಇಂಥ ಕೆಲಸ ಮಾಡುವವನಿಗೆ ಊರಿನಲ್ಲಿ ಗೆಳೆಯರು ಹೆಚ್ಚು ಇರುವುದಿಲ್ಲ. ಹೋಗಲಿ, ಕೆಲಸವಾದರೂ ಖಾಯಮ್ಮೇ ಎಂದರೆ ಅದೂ ಇಲ್ಲ. ಮೂರು ವರ್ಷದಿಂದ ಆರಾರು ತಿಂಗಳಿಗೆ ಒಂದು ಸಲ ಮುಂದುವರಿಸುತ್ತಾ ಬಂದಿದ್ದರು. ಆ ದಿನ ಸಾಯಂಕಾಲ ನಾಲ್ಕಕ್ಕೆ ಶ್ರೀರಂಗಪಟ್ಟಣದಿಂದ ಸೂಪರ್‌ವೈಜರ್ ಸಿದ್ದರಾಜು ಬಂದು, ಅವನ ಕೆಲಸ ನೋಡಿ, ಖಾಯಂ ಮಾಡಬೇಕೋ ಬೇಡವೋ ಎಂದು ಬರೆದುಹೋಗುವವರಿದ್ದರು. ಅದಕ್ಕಾಗಿ ನಾಗರಾಜು ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡಿದ್ದ. ಹೆಂಡತಿ ಮಂಗಳ ಅವನ ಬಿಳಿ ಶರಟಿಗೆ ನೀಲಿ ಹಾಕಿ ಒಣಗಿಸಿದ್ದಳು. ನೀಲಿ ಸ್ವಲ್ಪ ಹೆಚ್ಚಾಗಿ ಶರಟು ಆಕಾಶದ ಬಣ್ಣಕ್ಕೆ ತಿರುಗಿತ್ತು, ಆ ಮಾತು ಬೇರೆ.

ಹಾಲಿನ ಸರದಿ ಮುಗಿದದ್ದೇ ಮಂಚಯ್ಯ ಕೆನ್ನೆ ಹಿಡಿದುಕೊಂಡು ಒಳಗೆ ಬಂದರು.

"ನೋಡ್ಲಾ ನಾಗ, ಅರವತ್ತೆರಡು ವರ್ಸ ಆಯ್ತು ನಂಗೆ. ನಮ್ಮನೆಯೋಳು ಒಬ್ಬಳು ಬುಟ್ರೆ ಈ ಕೆನ್ನೆ ತಂಟೆಗೆ ಯಾರೂ ಬಂದಿಲ್ಲ. ನಿನ್ ಮಗಳು ಬಂದ್ಬುಟ್ಲು."

"ತೆಪ್ಪಾಯ್ತು ಕಣ ಮಂಚಣ್ಣ. ಮಗ, ತಿಳಿಯಾಕಿಲ್ಲ."

"ನಂಗೆ ತಿಳೀತದೆ ಕಣ್ಲಾ. ಸಾಯಂಕಾಲ ನಿಮ್ ಸಾಹೇಬ್ರು ಬತ್ತಾರೆ ತಾನೆ? ಅವರ್ಗೂ ಒಂದು ಬುಟ್ರೆ ಏನ್ ಮಾಡ್ತೀಯ?"

ನಾಗರಾಜುವಿಗೆ ಅದು ಹೊಳೆದೇ ಇರಲಿಲ್ಲ. ಮಗಳನ್ನು ಎಳೆದು ಮುಂದೆ ನಿಲ್ಲಿಸಿಕೊಂಡ.

"ತಾತನ್ಗೆ ಯಾಕವ್ವಾ ಒಡ್ದೆ?"

"ತಾತ ನಿಂತೋಗಿತ್ತು" ಅಂದಳು ಸ್ನೇಹ. "ಅದ್ಕೇ ಎಲ್ಡು ಒಡ್ದೆ. ಓಡ್ತು."

"ಯಾರು ನಿಂಗೆ ಇದ್ನೆಲ್ಲ ಕಲಿಸಿದ್ದು?"

ಸ್ನೇಹ ಯೋಚನೆ ಮಾಡಿ, "ಎಲ್ರೂ" ಅಂದಳು.

ಈ ಎಲ್ಲರೂ ಯಾರು ಎಂದು ಕಂಡುಹಿಡಿದೇ ತೀರುತ್ತೇನೆ ಎಂದು ನಾಗರಾಜು ಹೊರಟ. ತಾನು ಮಾತ್ರ ಅದರಲ್ಲಿ ಇಲ್ಲ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವನು ಊರಿನಲ್ಲೇ ಸಾಧು ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ, ಕಾಲು ಅಲ್ಲಿಟ್ಟದ್ದು ತನ್ನದೇ ತಪ್ಪು ಎನ್ನುವಂತೆ ನಗುತ್ತಿದ್ದ.

ಮೊದಲು ಮನೆಗೇ ಹೋದ. ತಾಯಿ ಕುಳ್ಳಮ್ಮ ಕತ್ತಲೆ ಕೋಣೆಯ ಬಾಗಿಲಲ್ಲಿ ಬ್ಯಾಟರಿ ಹಿಡಿದು ನಿಂತಿದ್ದಳು.

"ಅವ್ವ, ಮಗೀನ ಮುಂದೆ ಯಾರಾದ್ರೂ ಒಡೆಯೋದು ಬಡಿಯೋದು ಮಾಡ್ತೀರಾ ನೀವು?"

"ಅಯ್ಯೋ ನನ್ನಪ್ಪ, ನಾನ್ಯಾಕ್ ಮಾಡ್ಲಿ" ಎನ್ನುತ್ತಾ ಕುಳ್ಳಮ್ಮ ಬ್ಯಾಟರಿಯನ್ನು ಅಂಗೈಗೆ ಎರಡು ಸಲ ಬಡಿದಳು. ದೀಪ ಹತ್ತಿತು. ನಾಗರಾಜು ತಾಯಿಯನ್ನು ನೋಡಿದ, ಬ್ಯಾಟರಿಯನ್ನು ನೋಡಿದ. ಪಕ್ಕದಲ್ಲಿದ್ದ ಸ್ನೇಹ ತಲೆದೂಗಿದಳು.

ಬೀದಿಯಲ್ಲಿ ಪಾರ್ವತಮ್ಮ ಹಾಲಿನ ಸೀರೆ ಬದಲಾಯಿಸಿಕೊಂಡು ಬಂದು, ದಾರಿಗೆ ಅಡ್ಡವಾಗಿ ನಿಂತ ತನ್ನ ಹಸುವನ್ನು ಹಿಡಿದುಕೊಂಡಿದ್ದಳು. "ಒಡೆಯೋದಾ? ಎತ್ತ ತಾಯಿ ಅಂಗೆ ಸಾಕಿವ್ನಿ ಕಣಪ್ಪ ಈ ಹಸೀನ" ಎಂದು ಅದರ ಪಕ್ಕೆಗೆ ಎರಡು ಬಾರಿಸಿದಳು. ಹಸು ಸರಿಯಿತು. ಮಂಚಯ್ಯನವರ ಮನೆಯಲ್ಲಿ ಟೀವಿಯ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು ಕುಣಿಯುತ್ತಿದ್ದವು. "ಮಕ್ಳಿಗೆ ಬುದ್ಧಿ ಕಲಿಸ್ಬೇಕು ಕಣ್ಲಾ, ಏಟ್ನಿಂದ ಏನೂ ಆಗಾಕಿಲ್ಲ" ಎಂದು ಮಂಚಯ್ಯ ಟೀವಿಯ ನೆತ್ತಿಗೆ ಎರಡು ಕೊಟ್ಟರು. ವಾರ್ತೆ ಓದುವ ಹೆಂಗಸಿನ ಮುಖ ಮೂಡಿತು.

ನಾಗರಾಜುವಿಗೆ ಈಗ ಹೊಳೆಯಿತು. ಮಗುವಿನ ತಪ್ಪೇನಿದೆ. ಅವಳು ಹುಟ್ಟಿದಾಗಿನಿಂದ ಕಂಡದ್ದು ಒಂದೇ: ಈ ಊರಿನಲ್ಲಿ ಯಾವುದು ನಿಂತರೂ ಎರಡು ಹೊಡೆದರೆ ಹೊರಡುತ್ತದೆ.

"ನೋಡ್ದಾ ಮಗಾ, ಇವ್ರೆಲ್ಲ ಕೆಟ್ಟೋರು. ನಿಮ್ಮಪ್ಪ ಯಾವತ್ತಾದ್ರೂ ಒಡ್ದದಾ?"

"ಊಂ" ಅಂದಳು ಸ್ನೇಹ. "ಮಿಷನ್ಗೆ."

ಇದು ನಿಜ. ಡೈರಿಯ ಮಿಷನ್ನು ಹಳೆಯದು. ಸ್ವಿಚ್ಚು ಹಾಕಿದ ಮೇಲೆ ಅದರ ಎಡಗಡೆ ಎರಡು ಬಿಟ್ಟರೆ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಒಂದಕ್ಕೆ ಬರುತ್ತಿರಲಿಲ್ಲ. ನಾಗರಾಜು ಮೂರು ವರ್ಷದಿಂದ ದಿನಕ್ಕೆ ಎರಡು ಹೊತ್ತು ಆ ಎರಡೇಟು ಕೊಡುತ್ತಾ ಬಂದಿದ್ದ. ಅದು ಹೊಡೆತ ಎಂದು ಅವನಿಗೆ ಅನಿಸಿಯೇ ಇರಲಿಲ್ಲ.

"ಅದು ಒಡೆಯೋದಲ್ಲ ಕಣವ್ವ, ತಟ್ಟೋದು" ಅಂದ.

ಸ್ನೇಹ ಒಪ್ಪಿಕೊಂಡಳು. ಅವಳಿಗೆ ಹೆಸರು ಏನಾದರೂ ಆಗಬಹುದಿತ್ತು.

ಆಗ ನಾಗರಾಜು ತನ್ನ ಜೀವನದಲ್ಲಿ ಮೊದಲ ಬಾರಿ ಒಂದು ಕಟ್ಟಪ್ಪಣೆ ಹೊರಡಿಸಿದ. ಸಾಹೇಬರು ಬಂದು ಹೋಗುವವರೆಗೆ ಬೀದಿಯಲ್ಲಿ ಯಾರೂ ಯಾವುದಕ್ಕೂ ಕೈ ಎತ್ತಕೂಡದು. ಮಗು ಒಂದು ದಿನ ನೋಡದಿದ್ದರೆ ಮರೆತೀತು ಎಂಬುದು ಅವನ ಲೆಕ್ಕ. ಅವನ ಮುಖ ನೋಡಿ ಎಲ್ಲರಿಗೂ ಕನಿಕರ ಬಂತು, ಒಪ್ಪಿದರು. ಇಂಥ ಒಪ್ಪಂದಕ್ಕೆ ಒಪ್ಪುವುದು ಸುಲಭ.

ಮಧ್ಯಾಹ್ನದ ಹೊತ್ತಿಗೆ ಬೀದಿಯೇ ನಿಂತುಹೋಯಿತು. ಮಂಚಯ್ಯ ಚುಕ್ಕೆಗಳನ್ನೇ ನೋಡುತ್ತಾ ಕೂತರು, ಧ್ವನಿಯಂತೂ ಬರುತ್ತಿದೆ ಎಂದು ಸಮಾಧಾನ ಹೇಳಿಕೊಂಡರು. ಕುಳ್ಳಮ್ಮ ಹತ್ತದ ಬ್ಯಾಟರಿ ಹಿಡಿದು ಕತ್ತಲೆ ಕೋಣೆಗೆ ಹೋಗಿ, ಬೆಲ್ಲ ಎಂದುಕೊಂಡು ಸೋಪಿನ ಉಂಡೆ ತಂದಳು. ಪಾಯಸಕ್ಕೆ ಹಾಕುವ ಮೊದಲು ಮಂಗಳ ನೋಡಿದ್ದು ಪುಣ್ಯ. ಪಾರ್ವತಮ್ಮನ ಹಸು ಡೈರಿಗೆ ಹೋಗುವ ಓಣಿಯ ನಡುವೆ ಮಲಗಿತು. ಅದನ್ನು ಎಬ್ಬಿಸಲು ಪಾರ್ವತಮ್ಮ ಬೇಡಿಕೊಂಡಳು, ಹುಲ್ಲು ತೋರಿಸಿದಳು, ಅದರ ತಾಯಿಯ ಹೆಸರು ಹೇಳಿದಳು. ಹಸು ಕಣ್ಣು ಮುಚ್ಚಿ ಮೆಲುಕು ಹಾಕಿತು.

ಸರಿಯಾಗಿ ನಾಲ್ಕಕ್ಕೆ ಸಿದ್ದರಾಜು ಸ್ಕೂಟರಿನಲ್ಲಿ ಬಂದರು. ಹಸುವಿನ ಮುಂದೆ ನಿಂತು ಹಾರನ್ನು ಒತ್ತಿದರು.

"ಯಾರ್ರೀ ಇದು? ಎಬ್ಬಿಸ್ರಿ ಇದನ್ನ."

"ಅದೇ ಏಳ್ತದೆ ಸ್ವಾಮಿ, ವಸಿ ತಡೀರಿ" ಅಂದಳು ಪಾರ್ವತಮ್ಮ.

"ಎರಡು ಹಾಕಿದ್ರೆ ಏಳಲ್ವೇನಮ್ಮಾ?"

"ಇವತ್ತು ಹಾಕಂಗಿಲ್ಲ ಸ್ವಾಮಿ."

ಕಾಲು ಗಂಟೆ ಕಾದು, ಸಿದ್ದರಾಜು ಸ್ಕೂಟರನ್ನು ತಳ್ಳಿಕೊಂಡು ಸೆಗಣಿ ತುಳಿದು ಡೈರಿಗೆ ಬಂದರು. ಬೆವರಿದ್ದರು, ಒಂದು ಬೂಟು ಹಸಿರಾಗಿತ್ತು. ನಾಗರಾಜು ಆಕಾಶದ ಬಣ್ಣದ ಶರಟಿನಲ್ಲಿ ಕೈ ಮುಗಿದ. ಊರವರು ಸಂಜೆಯ ಹಾಲಿನ ನೆಪದಲ್ಲಿ ಒಳಗೂ ಹೊರಗೂ ತುಂಬಿದ್ದರು. ಸ್ನೇಹ ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ಕುಳ್ಳಮ್ಮ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

"ಎಲ್ಲಿ, ಒಂದು ಸ್ಯಾಂಪಲ್ ತೋರಿಸ್ರಿ" ಅಂದರು ಸಿದ್ದರಾಜು.

ನಾಗರಾಜು ಸ್ವಿಚ್ಚು ಹಾಕಿದ. ಮಿಷನ್ನು ಸುಮ್ಮನಿತ್ತು. ಅದರ ಬೆನ್ನು ಸವರಿದ. ಧೂಳು ಊದಿದ. ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ಅದರ ಕಿವಿಯಲ್ಲಿ ಏನೋ ಹೇಳುವವನ ಹಾಗೆ ಬಗ್ಗಿದ. ಮಗಳು ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಮೂರು ವರ್ಷ ಆಯ್ತು ಅಂತೀರ, ಮಿಷನ್ ಆನ್ ಮಾಡಕ್ಕೆ ಬರಲ್ವೇನ್ರೀ ನಿಮಗೆ?"

ನಾಗರಾಜುವಿನ ಮೂರು ವರ್ಷದ ಕಷ್ಟ, ಮಗಳನ್ನು ಪಾಂಡವಪುರದ ಸ್ಕೂಲಿಗೆ ವ್ಯಾನಿನಲ್ಲಿ ಕಳಿಸಬೇಕೆಂಬ ಆಸೆ, ನೀಲಿ ಶರಟು, ಎಲ್ಲ ಆ ಪೆಟ್ಟಿಗೆಯ ಎಡಗಡೆಯಲ್ಲಿ ಕೂತಿತ್ತು.

"ಅವ್ವ, ಮಗೀನ ವಸಿ ಆಚೆ ಕರ್ಕೊಂಡೋಗು" ಅಂದ.

ಕುಳ್ಳಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು. ನಾಗರಾಜು ದೇವರನ್ನು ನೆನೆದು ಎರಡು ಬಿಟ್ಟ. ಮಿಷನ್ನು ಗುಂಯ್ ಎಂದಿತು, ಅಂಕಿ ಹೊಳೆಯಿತು. ಹಾಲು ಹಾಕಿದ, ಜಿಡ್ಡು ಸರಿಯಾಗಿ ಬಂತು. ಇನ್ನೊಂದು ಸ್ಯಾಂಪಲ್ ಹಾಕಿದ, ಅದೂ ಸರಿ. ಸಿದ್ದರಾಜು ಅವರ ಮುಖ ಸಡಿಲಾಯಿತು.

"ಪರವಾಗಿಲ್ಲ ಕಣ್ರೀ, ಈ ಡಕೋಟ ಇಟ್ಕೊಂಡು ಕೆಲಸ ತೆಗೀತಿದ್ದೀರ."

ನಾಗರಾಜು ಸಂತೋಷದಿಂದ ತಿರುಗಿದ. ಕಿಟಕಿಯ ಸರಳುಗಳ ನಡುವೆ, ಅಜ್ಜಿಯ ಸೊಂಟದ ಮೇಲೆ ಕೂತು, ಸ್ನೇಹ ನೋಡುತ್ತಿದ್ದಳು.

ಸಿದ್ದರಾಜು ಮೇಜಿನ ಮುಂದೆ ಕೂತು ಫಾರಂ ಬಿಚ್ಚಿದರು. ಮಂಗಳ ಕಾಫಿ ತಂದಿಟ್ಟಳು. ಫಾರಂ ಕೊನೆಯಲ್ಲಿ ಅಚ್ಚಾಗಿದ್ದ ಸಾಲು ನಾಗರಾಜುವಿಗೆ ತಲೆಕೆಳಗಾಗಿಯೂ ಓದಲು ಬರುತ್ತಿತ್ತು: ಸದರಿಯವರನ್ನು ಖಾಯಂ ಮಾಡಬಹುದು / ಮಾಡಬಾರದು. ಬೇಡವಾದ ಪದದ ಮೇಲೆ ಗೆರೆ ಎಳೆಯಬೇಕು, ಅಷ್ಟೇ. ಸಿದ್ದರಾಜು ಪೆನ್ನಿನ ಮುಳ್ಳನ್ನು ಎರಡು ಪದಗಳ ನಡುವೆ, 'ಮಾಡಬಾರದು' ಎಂಬುದರ ಪಕ್ಕದಲ್ಲಿ ಊರಿದರು. ಊರಿ, ನಿಂತರು. ಯಾವ ಕಾಗದಕ್ಕೇ ಆಗಲಿ, ಗೆರೆ ಎಳೆಯುವ ಮೊದಲು ಅವರು ಕಣ್ಣು ಮುಚ್ಚಿ, ನಾಳೆ ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಯೋಚಿಸುವವರು. ಅರ್ಧ ನಿಮಿಷ ಆಯಿತು. ಒಂದು ನಿಮಿಷ ಆಯಿತು.

ಕಾಫಿಯ ವಾಸನೆಗೆ ಕುಳ್ಳಮ್ಮ ಒಳಗೆ ಬಂದು ಮೊಮ್ಮಗಳನ್ನು ಕೆಳಗಿಳಿಸಿದ್ದನ್ನು ಯಾರೂ ಗಮನಿಸಲಿಲ್ಲ.

"ಅಪ್ಪ, ಇದೂ ನಿಂತೋಯ್ತು" ಎಂಬ ಮಾತು ನಾಗರಾಜುವಿಗೆ ಕೇಳಿಸಿತು. ಅವನು ಕೈ ಚಾಚುವಷ್ಟರಲ್ಲಿ ಸ್ನೇಹ ಹಾಲಿನ ಕ್ಯಾನಿನ ಮೇಲೆ ಹತ್ತಿ ಸಾಹೇಬರ ಎಡಗೆನ್ನೆಗೆ ಒಂದು ಬಿಟ್ಟಳು.

ಪೆನ್ನು ಸರ್ರನೆ ಬಲಕ್ಕೆ ಓಡಿತು. 'ಮಾಡಬಾರದು' ಎಂಬುದರ ಮೇಲೆ ಒಂದು ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ ನೇರ. ನಾಗರಾಜು ಅದನ್ನು ಕಂಡ. ಆ ಒಂದು ಕ್ಷಣ ಅವನು ಖಾಯಂ ಆಗಿದ್ದ. ಮಗಳನ್ನು ಮುದ್ದಿಸಬೇಕೆಂದು ಅವನಿಗೆ ಮನಸ್ಸು ತುಂಬಿ ಬಂತು.

ಆದರೆ ನಾಗರಾಜುವಿನ ಮಗಳಿಗೆ ಒಂದೇಟು ಎಂಬುದು ಗೊತ್ತೇ ಇರಲಿಲ್ಲ. ಎರಡನೆಯದೂ ಬಿತ್ತು. ಪೆನ್ನು ಬಂದ ದಾರಿಯಲ್ಲೇ ವಾಪಸು ಹೊರಟು, ನಡುವಿನ ಗೆರೆ ದಾಟಿ, 'ಮಾಡಬಹುದು' ಎಂಬುದನ್ನೂ ಸೀಳಿಕೊಂಡು ಹೋಗಿ, ಕಾಗದದ ಎಡ ಅಂಚಿನಲ್ಲಿ ನಿಂತಿತು.

"ಓಡ್ತು" ಅಂದಳು ಸ್ನೇಹ.

ಮಂಚಯ್ಯ ಜೋರಾಗಿ ನಕ್ಕರು. ಬೆಳಗಿನಿಂದ ಅವರ ಮನಸ್ಸಿಗೆ ಇಷ್ಟು ಹಿತವಾದದ್ದು ಏನೂ ನಡೆದಿರಲಿಲ್ಲ. ಸಿದ್ದರಾಜು ಕೆನ್ನೆ ಮುಟ್ಟಿಕೊಂಡು ಬಹಳ ಹೊತ್ತು ಫಾರಂ ನೋಡಿದರು.

"ಎರಡೂ ಹೋಯ್ತಲ್ರೀ" ಅಂದರು.

"ಸ್ವಾಮಿ, ಎಡಗಡೆದನ್ನ ವಸಿ ಅಳಿಸ್ಬುಟ್ರೆ..."

"ಇಂಕು. ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಹೊಸ ಫಾರಂ ಬರಬೇಕು, ಅದು ಬರೋದು ಆರು ತಿಂಗಳಿಗೊಂದ್ಸಲ. ಅಲ್ಲೀವರೆಗೆ ನೀವು ಖಾಯಂ ಆಗಿಲ್ಲ. ಆಗಬಾರದು ಅಂತಲೂ ಇಲ್ಲ. ಹೇಗಿದ್ರೋ ಹಾಗೇ ಇರಿ."

ಎದ್ದು, ಬಾಗಿಲಲ್ಲಿ ನಿಂತು, ಊರವರಿಗೆಲ್ಲ ಕೇಳುವಂತೆ ಬುದ್ಧಿ ಹೇಳಿದರು. "ಮಗೂನ ನಾನು ಏನೂ ಅನ್ನಲ್ಲ. ಮಕ್ಕಳು ನಾವು ಮಾಡಿದ್ದನ್ನ ನೋಡಿ ಕಲೀತವೆ. ದೊಡ್ಡೋರು ನೆಟ್ಟಗಿದ್ರೆ ಅವೂ ನೆಟ್ಟಗಿರ್ತವೆ. ತಿಳ್ಕೊಳಿ." ಎಲ್ಲರೂ ತಲೆ ತಗ್ಗಿಸಿದರು.

ಆಮೇಲೆ ಸಿದ್ದರಾಜು ಸ್ಕೂಟರಿನ ಹತ್ತಿರ ಹೋದರು. ಅದು ಹೊರಡಲಿಲ್ಲ. ಅವರು ಅದನ್ನು ಎಡಗಡೆಗೆ ಚೆನ್ನಾಗಿ ವಾಲಿಸಿದರು, ನೆಟ್ಟಗೆ ನಿಲ್ಲಿಸಿದರು, ಪ್ಯಾಂಟು ಮೇಲಕ್ಕೆ ಎಳೆದುಕೊಂಡರು, ಸೆಗಣಿಯ ಬೂಟಿನಲ್ಲಿ ಬಲವಾಗಿ ಒದ್ದರು. ಒಂದು, ಎರಡು, ಮೂರು. ಅದರ ವಂಶವನ್ನೆಲ್ಲ ಬೈದು ಮತ್ತೆ ಒದ್ದರು. ಏಳನೆಯದಕ್ಕೆ ಸ್ಕೂಟರು ಹೊಗೆ ಬಿಟ್ಟು ಹೊರಟಿತು. ಜಗಲಿಯ ಮೇಲೆ ನಿಂತಿದ್ದ ಸ್ನೇಹ ಬಾಯಿ ತೆರೆದು ಕೊನೆಯವರೆಗೂ ನೋಡಿದಳು. ಇಲ್ಲಿಯವರೆಗೆ ಅವಳಿಗೆ ಕೈ ಮಾತ್ರ ಗೊತ್ತಿತ್ತು.

ಜನ ಕರಗಿದರು. ಮಂಚಯ್ಯ ಟೀವಿಯ ಕಡೆಗೂ ಪಾರ್ವತಮ್ಮ ಹಸುವಿನ ಕಡೆಗೂ ಕೈ ತೀಟೆ ತೀರಿಸಿಕೊಳ್ಳಲು ಓಡಿದರು. ನಾಗರಾಜು ಒಬ್ಬನೇ ಡೈರಿಯ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಮಂಗಳ ಕರೆದಳು, ಅವನು ಮಾತಾಡಲಿಲ್ಲ. ಕುಳ್ಳಮ್ಮ ಕಾಫಿ ತಂದಳು, ಅವನು ಕೈ ಚಾಚಲಿಲ್ಲ. ಕಣ್ಣು ಎಲ್ಲೋ ನೆಟ್ಟಿತ್ತು.

ಸ್ನೇಹ ಅವನ ಸುತ್ತ ಒಂದು ಸುತ್ತು ಬಂದು ಪರೀಕ್ಷಿಸಿದಳು. ಅಪ್ಪ ನಿಂತುಹೋಗಿದ್ದ. ಅವಳಿಗೆ ತುಂಬ ಪಾಪ ಅನಿಸಿತು. ಹತ್ತಿರ ಬಂದು, ಅಪ್ಪನ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಡಗಡೆಗೆ ವಾಲಿಸಿದಳು. ಮತ್ತೆ ನೆಟ್ಟಗೆ ಕೂರಿಸಿದಳು. ಮಗಳು ಸಮಾಧಾನ ಮಾಡುತ್ತಿದ್ದಾಳೆ ಎಂದು ನಾಗರಾಜುವಿನ ಕಣ್ಣಲ್ಲಿ ನೀರು ಬಂತು.

ಸ್ನೇಹ ಎರಡು ಹೆಜ್ಜೆ ಹಿಂದೆ ಸರಿದು, ಲಂಗ ಮೇಲಕ್ಕೆ ಎಳೆದುಕೊಂಡಳು.