ಇಂಗ್ಲಿಷಿಗಾಗಿ ಕೊಂಡ ಸೈಕಲ್ಲು

ನಮ್ಮಕ್ಕ ನಲವತ್ತಮೂರನೇ ವಯಸ್ಸಿನಲ್ಲಿ ಸೈಕಲ್ ಕೊಂಡಳು. ತುಳಿಯುವುದಕ್ಕಲ್ಲ, ಇಂಗ್ಲಿಷ್ ಮಾತಾಡುವುದಕ್ಕೆ. ಇದನ್ನು ಯಾರಿಗೆ ಹೇಳಿದರೂ ನನ್ನ ಮುಖ ಒಂದು ಸಲ, ಅವಳ ಮುಖ ಒಂದು ಸಲ ನೋಡುತ್ತಾರೆ. ನೋಡಲಿ.

ಅಕ್ಕ ಮಧುಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಮದುವೆ ಬೇಡವೆಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾಳೆ. ಹೊರದೇಶದ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡಬೇಕೆನ್ನುವುದು ಅವಳ ಬಹುದಿನದ ಆಸೆ. ಕೆಲಸಕ್ಕೆ ಒಪ್ಪಿಗೆಯೂ ಬಂದಿತ್ತು; ಇಂಗ್ಲಿಷ್ ಪರೀಕ್ಷೆಯೊಂದು ಪಾಸಾಗಬೇಕಿತ್ತು, ಅಷ್ಟೆ. ಓದುವುದು, ಬರೆಯುವುದು, ಕೇಳುವುದು ಮೂರರಲ್ಲೂ ಗೆದ್ದಳು. ಮಾತಾಡುವುದರಲ್ಲಿ ಸೋತಳು. ಕಾರಣ ಸೈಕಲ್ಲು.

ನೀವು ಸೈಕಲ್ ತುಳಿಯುತ್ತೀರಾ ಎಂದು ಪರೀಕ್ಷಕರು ಕೇಳಿದ್ದಾರೆ. ಇಲ್ಲ ಎಂದಿದ್ದಾಳೆ. ನಿಮ್ಮ ಊರಿನಲ್ಲಿ ಸೈಕಲ್ ಜನಪ್ರಿಯವೇ? ಗಮನಿಸಿಲ್ಲ. ಸೈಕಲ್ಲಿನಲ್ಲಿ ಅತಿ ದೂರ ಹೋದದ್ದು ಎಲ್ಲಿಗೆ? ಎಲ್ಲಿಗೂ ಇಲ್ಲ. ಒಂದು ಉತ್ತರವೂ ತಪ್ಪಲ್ಲ. ಆದರೆ ಆ ಪರೀಕ್ಷೆಯಲ್ಲಿ ಮಾತಾಡಬೇಕಂತೆ!

ತುಮಕೂರಿನ ಕೋಚಿಂಗ್ ಮೇಷ್ಟ್ರು ತಲೆ ಚಚ್ಚಿಕೊಂಡರು. ಸೈಕಲ್ ಇದೆ ಅನ್ನಿ, ಕೆಂಪು ಬಣ್ಣದ್ದು ಅನ್ನಿ, ಯಾರು ಮನೆಗೆ ಬಂದು ನೋಡುತ್ತಾರೆ ಎಂದರು. ಮುಂದಿನ ಸಲವೂ ಅವೇ ಪ್ರಶ್ನೆಗಳು ಬರಬಹುದೆಂದು ಎಚ್ಚರಿಸಿದರು. ಅಕ್ಕ ಚೀಲ ಕೆಳಗಿಡುವ ಮೊದಲೇ ನನಗೆ ವರದಿ ಒಪ್ಪಿಸಿದಳು.

"ಥರ್ಮಾಮೀಟರ್ ಇಡ್ದೆ ಜ್ವರ ಇಷ್ಟು ಅಂತ ಚಾರ್ಟಲ್ಲಿ ಬರೀತೀನೇನೇ ನಾನು? ಇದೂ ಅಂಗೇ ಕಣೇ."

ಅಂದರೆ ಏನು? ಉತ್ತರವನ್ನು ಬದಲಾಯಿಸುವಂತಿಲ್ಲ, ಲೋಕವನ್ನೇ ಉತ್ತರಕ್ಕೆ ತಕ್ಕ ಹಾಗೆ ಮಾಡಿಕೊಳ್ಳಬೇಕು. ಭಾನುವಾರ ಇಬ್ಬರೂ ಶಿರಾಕ್ಕೆ ಹೋದೆವು.

ಸೈಕಲ್ ಶಾಪಿನ ಸಾಹೇಬರು ಚಿಕ್ಕ ಸೈಕಲ್ಲೊಂದನ್ನು ಎಳೆದು ಮುಂದಿಟ್ಟು, ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದರು. "ನಂಗೇ ಸಾಹೇಬ್ರೇ, ಪರೀಕ್ಷೆ ಐತೆ" ಎಂದಳು ಅಕ್ಕ. ಅವರು ಗಡ್ಡ ಸವರಿಕೊಂಡು ಯೋಚಿಸಿದರು. "ಪರೀಕ್ಷೆಗೆ ಪೆನ್ನು ತಗೊಂಡೋಗ್ತಾರಲ್ಲಮ್ಮಾ?" ಕೆಂಪು ಬಣ್ಣದ್ದನ್ನೇ ಆರಿಸಿದಳು. ಮೇಷ್ಟ್ರ ಮಾತಿಗೂ ಮರ್ಯಾದೆ ಸಿಕ್ಕಂತಾಯಿತು.

ಬೆಳಿಗ್ಗೆ ಆರಕ್ಕೆ ಕಾಲೇಜು ಮೈದಾನದಲ್ಲಿ ಕಲಿಕೆ. ಚೂಡಿದಾರದ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಅವಳು ಮೇಲೆ, ಸೀಟು ಹಿಡಿದು ಏದುಸಿರು ಬಿಡುತ್ತ ನಾನು ಹಿಂದೆ. ವಾಕಿಂಗಿಗೆ ಬರುವವರಲ್ಲಿ ಅರ್ಧ ಜನ ಅವಳ ಹಳೆಯ ರೋಗಿಗಳು. ಅವಳಿಂದ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದವರೊಬ್ಬರು, ಅವಳು ಬೀಳುವವರೆಗೂ ಕಾದು ನಿಂತು ನೋಡಿ, ಸಮಾಧಾನದಿಂದ ಮನೆಗೆ ಹೋದರು. ಮೊದಲ ದಿನವೇ ಎರಡು ಸಲ ಬಿದ್ದಳು. ಮುಖದಲ್ಲಿ ಮಾತ್ರ ಹೆದರಿಕೆಯ ಸುಳಿವಿಲ್ಲ. ತನ್ನ ಮಂಡಿಗೆ ತಾನೇ ಪಟ್ಟಿ ಕಟ್ಟಿಕೊಂಡು, ಈಗ ಪ್ರಶ್ನೆ ಕೇಳು ಎಂದಳು. ನೀವು ಸೈಕಲ್ ತುಳಿಯುತ್ತೀರಾ? ತುಳಿಯುತ್ತೇನೆ, ಬೀಳುತ್ತಲೂ ಇದ್ದೇನೆ.

ಊರಿನಲ್ಲಿ ಸೈಕಲ್ ಜನಪ್ರಿಯವೇ ಎನ್ನುವುದಕ್ಕೆ ರಜೆಯ ದಿನ ಬಸ್‌ಸ್ಟ್ಯಾಂಡಿನ ಮುಂದೆ ನೋಟ್‌ಬುಕ್ ಹಿಡಿದು ನಿಂತಳು. ಬಂದ ಸೈಕಲ್ಲುಗಳಲ್ಲಿ ಹೆಚ್ಚಿನವು ಏನಾದರೂ ಹೇರಿಕೊಂಡು ತಳ್ಳಿಸಿಕೊಂಡೇ ಬಂದವು. ತಳ್ಳುವುದನ್ನು ಜನಪ್ರಿಯತೆಗೆ ಸೇರಿಸಬೇಕೋ ಬೇಡವೋ ಎಂದು ನನ್ನನ್ನು ಕೇಳಿದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಹಾಕಿದೆ.

ದೂರದ ಪ್ರಯಾಣಕ್ಕೆ ಸಿದ್ದರಬೆಟ್ಟ. ಒಬ್ಬಳೇ ಹೋದಳು. ಸಂಜೆ ಕಡಲೆಕಾಯಿ ಚೀಲಗಳ ಟೆಂಪೋ ಒಂದು ಮನೆ ಮುಂದೆ ನಿಂತಿತು. ಚೀಲಗಳ ಮೇಲೆ ಸೈಕಲ್ಲು, ಡ್ರೈವರ್ ಪಕ್ಕ ಅಕ್ಕ. ಹೋದದ್ದಷ್ಟೇ ಹೇಳಿದರೆ ಸಾಕು, ಬಂದದ್ದು ಬೇಡ ಎಂದೆ. ಒಪ್ಪಲಿಲ್ಲ. ಟೆಂಪೋ, ಕಡಲೆಕಾಯಿ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿಕೊಂಡೇ ಊಟಕ್ಕೆ ಕೂತಳು.

ಹೀಗೆ ಎಲ್ಲ ಉತ್ತರಗಳೂ ನಿಜವಾದವು. ಒಂದಕ್ಕೆ ಮಾತ್ರ ಅವಳು ತಯಾರಿಯನ್ನೇ ಮಾಡಿಕೊಳ್ಳಲಿಲ್ಲ. ಚಿಕ್ಕವರಿದ್ದಾಗ ಯಾಕೆ ಕಲಿಯಲಿಲ್ಲ ಎಂದು ಪರೀಕ್ಷಕರಂತೆ ನಾನು ಕೇಳಿದರೆ 'ಭಯವಿತ್ತು' ಎಂದು ಎದ್ದು ಟೀ ಇಡಲು ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ ಅದು. ಆಗ ನಾವು ಐ.ಡಿ.ಹಳ್ಳಿ ಹತ್ತಿರದ ಊರಿನಲ್ಲಿದ್ದೆವು. ಅವಳು ಹತ್ತನೇ ಕ್ಲಾಸು, ನಾನು ಎಂಟು. ಅಷ್ಟು ದೂರ ನಡೆಯಲಾರೆ, ಶಾಲೆಯನ್ನೇ ಬಿಡುತ್ತೇನೆ ಎಂದು ನಾನು ಮೂಲೆ ಹಿಡಿದು ಕೂತಿದ್ದೆ. ಅಪ್ಪ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದರು. ದೊಡ್ಡವಳು ಮೊದಲು ಕಲಿಯಲಿ ಎಂದರು. ನನಗೆ ಸೈಕಲ್ ಕಂಡರೆ ಭಯ, ಅವಳಿಗೇ ಕೊಡಿ ಎಂದಳು ಅಕ್ಕ. ವರ್ಷವಿಡೀ ಅವಳು ನಡೆದಳು. ಅವಳ ಪುಸ್ತಕದ ಚೀಲವನ್ನು ಕ್ಯಾರಿಯರ್ ಮೇಲೆ ಹೇರಿಕೊಂಡು, ದಾಟುವಾಗ ಬೆಲ್ ಬಾರಿಸಿ, 'ಪುಕ್ಕಲೀ' ಎಂದು ಕೂಗಿ ಮುಂದೆ ಹೋಗುತ್ತಿದ್ದೆ ನಾನು.

ಎರಡನೇ ಪರೀಕ್ಷೆ ಮುಗಿಸಿ ಬಂದವಳು ನೇರ ನರ್ಸಿಂಗ್ ಹೋಮಿನ ಡ್ಯೂಟಿಗೆ ಹೋದಳು. ಫಲಿತಾಂಶ ಮೊಬೈಲಿಗೆ ಬಂದಾಗ ನಾವಿಬ್ಬರೂ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದೆವು. ಪಾಸು, ಬೇಕಾದದ್ದಕ್ಕಿಂತ ಅರ್ಧ ಅಂಕ ಹೆಚ್ಚೇ ಬಂದಿತ್ತು. ಸಿದ್ದರಬೆಟ್ಟದ ಟೆಂಪೋ ಕೆಲಸಕ್ಕೆ ಬಂತಾ ಎಂದು ಕೇಳಿದೆ.

"ಅದುನ್ನ ಕೇಳ್ಲೇ ಇಲ್ಲ ಕಣೇ. ಚಿಕ್ಕೋರಿದ್ದಾಗ ಯಾಕೆ ಕಲೀಲಿಲ್ಲ ಅಂದ್ರು. ಭಯ ಅನ್ನಕ್ಕೆ ಬಾಯಿ ತೆಗುದ್ರೆ ಬರ್ಲೇ ಇಲ್ಲ. ಸುಳ್ಳಲ್ವಾ ಅದು? ಅಲ್ಲಿ ನೀನೂ ಇರ್ಲಿಲ್ಲ. ಒಂದೇ ಸೈಕಲ್ ಇತ್ತು, ನನ್ ತಂಗಿ ಸ್ಕೂಲ್ ಬುಟ್ಬುಡ್ತೀನಿ ಅಂತ ಕೂತಿದ್ಲು ಅಂತ ಸುರು ಮಾಡ್ದೆ. ಅವರೇ ಸಾಕು ಅನ್ನೋಗಂಟ ನಿಲ್ಲಿಸ್ಲಿಲ್ಲ."

ಕೈಯಲ್ಲಿದ್ದ ಕಾಯನ್ನು ಬಿಡಿಸದೆಯೇ ಮೊರಕ್ಕೆ ಹಾಕಿದೆ. "ನಿನ್ನ ಪುಕ್ಕಲಿ ಅಂತಿದ್ನಲ್ಲಕ್ಕಾ" ಎಂದೆ.

"ಅಂತಿದ್ದೆ" ಎಂದಳು ಅಕ್ಕ, ಇನ್ನೊಂದು ಕಾಯಿ ಬಿಡಿಸುತ್ತ. "ಸ್ಕೂಲಿಗೂ ಹೋಗ್ತಿದ್ದೆ ನೀನು."