ಕರಿ ಹೋತಮರಿಯ ತೀರ್ಪು

ಟೇಲರ್ ನೇಮಣ್ಣನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಸಂದೇಹ. ಸಂದೇಹವೇನೂ ಕೆಟ್ಟದ್ದಲ್ಲ, ವೇದಪುಸ್ತಕ ಓದುವಾಗಲೇ ಹುಟ್ಟಿದ್ದು. ಆದರೆ ಅದು ಹುಟ್ಟಿದ ಹೊತ್ತು ಸರಿಯಿರಲಿಲ್ಲ. ಹೆಂಡತಿ ಸುವಾರ್ತಾ ಮುದ್ದೇಬಿಹಾಳದ ತಂಗಿಯ ಮನೆಗೆಂದು ಚೀಲ ಹಿಡಿದು, ಹೊಸ್ತಿಲ ಮೇಲೆ ನಿಂತು ಏನೋ ಹೇಳುತ್ತಿದ್ದ ಹೊತ್ತಿಗೇ ಅದು ಹುಟ್ಟಿಕೊಂಡಿತು.

ಅವನ ಪೂರ್ತಿ ಹೆಸರು ನೆಹೆಮೀಯ. ಇಂಡಿ ಊರಿನ ಆ ಓಣಿಯಲ್ಲಿ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿದೆ? ನೇಮಣ್ಣ ಎಂದರು, ಅದೇ ನಿಂತಿತು. ಮನೆಯ ಮುಂದಿನ ಖೋಲಿಯೇ ಅವನ ಅಂಗಡಿ. ಆ ತಿಂಗಳು ಓಣಿಯ ಮಕ್ಕಳಿಗೆಲ್ಲ ನೀಲಿ ಯೂನಿಫಾರ್ಮ್ ಹೊಲಿದದ್ದರಿಂದ, ಮಿಕ್ಕ ನೀಲಿ ಪಟ್ಟಿಗಳು ಎಲ್ಲರ ಮನೆ ಸೇರಿ ಎಲ್ಲೋ ಎಣ್ಣೆ ಒರೆಸುವ ಅರಿವೆಯಾಗಿ, ಎಲ್ಲೋ ಆಡಿನ ಕೊರಳಪಟ್ಟಿಯಾಗಿ ಸಂಸಾರ ಹೂಡಿದ್ದವು.

ನೇಮಣ್ಣನಿಗೆ ಹೊಟ್ಟೆಬಟ್ಟೆಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಒಂದು ಒಳ್ಳೆಯ ಸಾಕ್ಷಿಯದು. ಚರ್ಚಿನ ಆರಾಧನೆಯಲ್ಲಿ ಜನ ಎದ್ದು ನಿಂತು, ದೇವರ ಮಾತು ತಮ್ಮ ಬದುಕಿನಲ್ಲಿ ಹೇಗೆ ನಡೆಯಿತು ಎಂದು ಸಾಕ್ಷಿ ಹೇಳುವುದುಂಟು. ಅವನೂ ಹೇಳುತ್ತಿದ್ದ. ವರ್ಷಗಟ್ಟಲೆಯಿಂದ ಒಂದೇ ಸಾಕ್ಷಿ: ಟೈಫಾಯ್ಡ್ ಬಂದು ಹೋದದ್ದು. ಅವನು ಎದ್ದನೆಂದರೆ ಹೆಂಗಸರು ಮಕ್ಕಳ ಮೂಗು ಒರೆಸುತ್ತಿದ್ದರು, ಗಂಡಸರು ಗೋಡೆಯ ಗಡಿಯಾರ ನೋಡುತ್ತಿದ್ದರು. ಇದು ಅವನಿಗೆ ಗೊತ್ತಿತ್ತು, ಮನಸ್ಸಿಗೆ ನಾಟಿತ್ತು. ಬರುವ ಐತವಾರ ಸುಗ್ಗಿ ಹಬ್ಬ. ಬೆಳೆ, ಕೋಳಿ, ಆಡು ಎಲ್ಲ ದೇವರ ಮುಂದೆ ತಂದಿಟ್ಟು ಹರಾಜು ಹಾಕುವ ದಿನ, ಸುತ್ತಿನ ಊರವರೆಲ್ಲ ಸೇರುವ ದಿನ. ಅಂದು ಒಂದು ತಾಜಾ ಸಾಕ್ಷಿ ಹೇಳಿಯೇ ತೀರಬೇಕೆಂದು ಹಟ ತೊಟ್ಟಿದ್ದ. "ವೇದ ಓದಿ ಮಡಚಿಡಬ್ಯಾಡ್ರಿ, ಓದಿದ್ದನ್ನ ನಡಸ್ರಿ. ಕೇಳಿದವರಿಗೆ ದೇವ್ರು ಜ್ಞಾನ ಕೊಡ್ತಾನ" ಎಂದು ಸಭಾಪಾಲಕರು ಬೇರೆ ಹೇಳಿದ್ದರು.

ಅದಕ್ಕೇ ಆ ಬುಧವಾರ ಬೆಳಿಗ್ಗೆ ಜ್ಞಾನಿ ಅರಸನ ನ್ಯಾಯದ ಪುಟ ತೆರೆದಿದ್ದ. ಇಬ್ಬರು ಹೆಂಗಸರು, ಒಂದೇ ಕೂಸು, ಇಬ್ಬರೂ ನನ್ನದು ಎನ್ನುತ್ತಾರೆ. ಎರಡು ತುಂಡು ಮಾಡಿ ಹಂಚಿ ಎನ್ನುತ್ತಾನೆ ಅರಸ. ಒಬ್ಬಳು ಬೇಡವೆಂದು ಅಳುತ್ತಾಳೆ, ಅವಳೇ ಹೆತ್ತವಳು. ಎಂಥ ಚಂದದ ನ್ಯಾಯ! ಅಲ್ಲಿಗೆ ಬಂದಾಗ ನೇಮಣ್ಣನ ತಲೆಯಲ್ಲಿ ಸಂದೇಹ ಎದ್ದಿತು. ಇಬ್ಬರೂ ಕಡಿಯಿರಿ ಎಂದಿದ್ದರೆ ಅರಸ ಏನು ಮಾಡುತ್ತಿದ್ದ?

"ರೀ, ನಾ ಹೇಳಾಕತ್ತಿದ್ದು ಕೇಳಸ್ತಿಲ್ಲೋ?" ಎಂದಳು ಸುವಾರ್ತಾ.

ನೇಮಣ್ಣ ಪುಟದಿಂದ ಕಣ್ಣು ತೆಗೆಯದೆ ಒಂದು ಕೈ ಎತ್ತಿದ. ಗೊತ್ತಾಯಿತು ಎಂದೂ ತಿಳಿಯಬಹುದು, ಸುಮ್ಮನಿರು ಎಂದೂ ತಿಳಿಯಬಹುದು. ಸುವಾರ್ತಾ ಮೊದಲನೆಯದು ಎಂದುಕೊಂಡು ಬಸ್ಸಿಗೆ ಹೋದಳು. ಅವನು ಮುಂದಿನ ಪುಟ ತಿರುವಿ ನೋಡಿದ. ಅವನ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಹೆತ್ತ ಕರುಳು ಹಾಗೆಲ್ಲಿ ಅಂದೀತು ಎಂದು ಸಮಾಧಾನ ಮಾಡಿಕೊಂಡು ಮಷಿನ್ ತುಳಿಯತೊಡಗಿದ.

ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಗದ್ದಲ ಕೇಳಿತು. ಎದುರು ಮನೆಯ ತಿಪ್ಪವ್ವ ಒಂದು ಕರಿ ಹೋತಮರಿಯ ಹಿಂಗಾಲು ಹಿಡಿದಿದ್ದಳು. ಪಕ್ಕದ ಮನೆಯ ಖಾತುನಬಿ ಅದರ ಕೊರಳು ಹಿಡಿದಿದ್ದಳು. ಮರಿ ನಡುವೆ ಸಿಕ್ಕಿಕೊಂಡು ಊರೆಲ್ಲ ಕೇಳುವಂತೆ ಒದರುತ್ತಿತ್ತು.

ಆದದ್ದಿಷ್ಟು. ಓಣಿಯ ಆಡುಗಳನ್ನೆಲ್ಲ ರೇವಣಪ್ಪ ದಿನಾ ಮೇಯಿಸಲು ಹೊಡೆದುಕೊಂಡು ಹೋಗುತ್ತಾನೆ. ಹಿಂದಿನ ಸಂಜೆ ಇಬ್ಬರ ಮರಿಗಳೂ ಮನೆಗೆ ಬಂದಿರಲಿಲ್ಲ. ಬೆಳಿಗ್ಗೆ ಓಣಿಯಲ್ಲಿ ಒಂದೇ ಒಂದು ಮರಿ ಕಂಡಿತು. ಅಲ್ಲಿಯ ಮರಿಗಳೆಲ್ಲ ರೇವಣಪ್ಪನ ಒಂದೇ ಹೋತನ ಸಂತಾನ. ಎಲ್ಲ ಕರಿ, ಎಲ್ಲಕ್ಕೂ ಹಣೆಯ ಮೇಲೆ ಬಿಳಿ ಮಚ್ಚೆ.

"ನಂದವ್ವ ಇದು! ಕೊಳ್ಳಾಗ ನೀಲಿ ಪಟ್ಟಿ ನೋಡು, ನಾನ ಕಟ್ಟೇನಿ" ಎಂದಳು ತಿಪ್ಪವ್ವ.

"ನಾನೂ ನೀಲಿ ಪಟ್ಟೀನ ಕಟ್ಟೀನಿ. ನೇಮಣ್ಣನ್ನ ಕೇಳು, ಅವನ ಕೊಟ್ಟಾನ" ಎಂದಳು ಖಾತುನಬಿ.

ನೇಮಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದವನು ಹಾಗೇ ನಿಂತ. ಇಬ್ಬರು ಹೆಂಗಸರು, ಒಂದೇ ಮರಿ! ಮೈಯೆಲ್ಲ ಜುಮ್ಮೆಂದಿತು. ತಾಜಾ ಸಾಕ್ಷಿ ತಾನಾಗಿ ನಾಲ್ಕು ಕಾಲಿನ ಮೇಲೆ ನಡೆದು ಬಂದಿದೆ ಎನಿಸಿತು. ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದ.

"ಜಗಳ ಬ್ಯಾಡ್ರಿ. ನಾ ನ್ಯಾಯ ಹೇಳ್ತೇನಿ, ನಮ್ಮ ವೇದದಾಗ ಇದಕ್ಕ ದಾರಿ ಐತಿ."

ಮನೆಯ ಮುಂದೆ ಆಗಲೇ ಜನ ಕೂಡಿದ್ದರು. ಯಾರೋ ಅವನದೇ ಸ್ಟೂಲು ತಂದು ಅವನನ್ನೇ ಕೂರಿಸಿದರು. ಮೂಲೆಯಲ್ಲಿ ಮಟನ್ ಅಂಗಡಿ ಇಟ್ಟಿದ್ದ ಖಲೀಲನೂ ಗಿರಾಕಿಯನ್ನು ಬಿಟ್ಟು ಬಂದ.

"ಹೇಳಿದ ಮ್ಯಾಲ ಇಬ್ರೂ ಕೇಳಬೇಕು ನೋಡ್ರಿ, ತಿರುಗಿ ಮಾತಿಲ್ಲ" ಎಂದ ಖಲೀಲ.

"ಪಂಚರು ಹೇಳಿದ್ದ ಖರೇ" ಎಂದರು ಇಬ್ಬರೂ.

ಮೊದಲು ಮರಿಯನ್ನು ಬಿಟ್ಟು ಇಬ್ಬರೂ ಕರೆಯಲಿ ಎಂದ ನೇಮಣ್ಣ. ತಿಪ್ಪವ್ವ ಲೊಚಗುಟ್ಟಿದಳು. ಖಾತುನಬಿ ರೊಟ್ಟಿ ತೋರಿಸಿದಳು. ಮರಿ ಇಬ್ಬರನ್ನೂ ನೋಡಿ, ನೆಟ್ಟಗೆ ನೇಮಣ್ಣನ ಹತ್ತಿರ ಬಂದು ಅವನ ಟೇಪಿನ ತುದಿ ಅಗಿಯತೊಡಗಿತು. ಬಿಡಿಸಿ ಓಡಿಸಿದರೆ ಸಂದಿಯಿಂದ ಅವನ ಹಿತ್ತಿಲಿಗೇ ಹೊಕ್ಕಿತು. ಹಿಡಿದು ತಂದರೆ ಮತ್ತೆ ಹೊಕ್ಕಿತು. ಜನ ನಕ್ಕರು.

"ಮರಿಗೂ ಗೊತ್ತಾಗೇತಿ, ಪಂಚರು ಎಲ್ಲಿ ಕುಂತಾರಂತ" ಎಂದ ಖಲೀಲ.

ನೇಮಣ್ಣನಿಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಹೊತ್ತು ಬಂದಿದೆ ಎಂದು ಎದ್ದು ನಿಂತ. ಇಬ್ಬರ ಮುಖವನ್ನೂ ನೋಡಿದ. ಯಾರು ಮೊದಲು ಅಳುತ್ತಾರೋ ಎಂದು ಮನಸ್ಸಿನಲ್ಲೇ ಅಂದಾಜು ಹಾಕಿದ. ತಿಪ್ಪವ್ವನ ಕರುಳು ಮೆತ್ತಗೆ ಎನಿಸಿತು.

"ಖಲೀಲಾ, ಕತ್ತಿ ತಗೊಂಡ ಬಾ. ಮರೀನ ಬರೋಬ್ಬರಿ ಎರಡು ಪಾಲು ಮಾಡಿ ಇಬ್ರಿಗೂ ಹಂಚು."

ನೇಮಣ್ಣ ಉಸಿರು ಬಿಗಿಹಿಡಿದು ಕಾದ.

"ಅಯ್ಯ, ಇದ ಛಲೋ ಆತು ನೋಡು!" ಎಂದಳು ಖಾತುನಬಿ. "ಸಂಜಿಗೆ ನಮ್ಮ ಬೀಗ್ರು ಬರಾಕತ್ತಾರ. ಏನ್ ಮಾಡ್ಲಿ ಅಂತ ಚಿಂತಿ ಹತ್ತಿತ್ತು."

"ಹಿಂದಿನ ತೊಡಿ ನನ್ನ ಪಾಲಿಗೆ ಇರಲಿ" ಎಂದಳು ಮೆತ್ತನೆಯ ಕರುಳಿನ ತಿಪ್ಪವ್ವ. "ನಮ್ಮ ಅಣ್ಣ ಚಡಚಣದಿಂದ ಬರಾವ ಅದಾನ."

ನೇಮಣ್ಣ ಎರಡೂ ಕೈ ಅಡ್ಡ ಹಿಡಿದ. "ತಡೀರಿ, ತಡೀರಿ! ಒಬ್ಬರಾದ್ರೂ ಅಳಬೇಕಲ್ರಿ? ಪಾಪ, ಜೀವ ಅಲ್ಲೇನ್ರಿ ಅದು?"

"ಹೋತ ಇರೂದ ಅದಕ್ಕಲ್ಲೇನೋ ನೇಮಣ್ಣ? ಅದೇನು ಎತ್ತೇನು, ಗಳೇವು ಹೂಡಾಕ?" ಎಂದಳು ತಿಪ್ಪವ್ವ. ಇಷ್ಟು ಹೊತ್ತು ಕೂದಲು ಹಿಡಿದು ಎಳೆದಾಡಲು ನಿಂತಿದ್ದವರು ಈಗ ಹೆಗಲ ಮೇಲೆ ಕೈಹಾಕಿಕೊಂಡು ಮಸಾಲೆಯ ಮಾತಾಡುತ್ತಿದ್ದರು.

"ನಾ ತೀರ್ಪು ವಾಪಸ್ ತಗೋತೇನಿ" ಎಂದ ನೇಮಣ್ಣ.

"ಅಂಗಿ ಕತ್ತರಿಸಿದ ಮ್ಯಾಲ ಅಳತಿ ಬದಲ ಮಾಡ್ತೀಯೇನು?" ಎಂದು ಖಲೀಲ ಕತ್ತಿ ಮಸೆಯಲು ಕುಳಿತ.

ನೇಮಣ್ಣ ಬೆವರುತ್ತ ಸಭಾಪಾಲಕರಿಗೆ ಫೋನು ಹಚ್ಚಿದ. ಅವರು ಸಿಂದಗಿಯಿಂದ ಆಲಮೇಲಕ್ಕೆ ಹೊರಟ ಬಸ್ಸಿನಲ್ಲಿದ್ದರು. ಸೀಟು ಸಿಕ್ಕಿರಲಿಲ್ಲವೆಂದು ಉಸಿರಿನಲ್ಲೇ ತಿಳಿಯುತ್ತಿತ್ತು.

"ಅಯ್ಯಗೋಳ, ಒಂದ ಮಾತು. ಆ ಇಬ್ರೂ ಹೆಣ್ಮಕ್ಕಳು ಕಡೀರಿ ಅಂದಿದ್ರ ಅರಸ ಏನ್ ಮಾಡ್ತಿದ್ದ್ರಿ?"

ಅತ್ತ ಕಡೆಯಿಂದ ಸಂತೋಷದ ದನಿ ಬಂದಿತು. "ವಾ ನೇಮಣ್ಣ! ಬಾಳ ಆಳದ ಪ್ರಶ್ನೆ ಕೇಳಿದಿ. ನೀ ಹಿಂಗ ಧ್ಯಾನ ಮಾಡಾಕತ್ತಿ ಅಂದ್ರ ನನಗ ಖುಷಿ ಆಗತೈತಿ. ಐತವಾರ ಇದನ್ನ ಸಾಕ್ಷಿಯೊಳಗ ಹೇಳು."

"ಅಯ್ಯಗೋಳ, ಗಡಬಡಿ ಐತ್ರಿ. ಇಲ್ಲಿ ಕತ್ತಿ ಮಸ್ಯಾಕತ್ತಾರ."

"ಉತ್ತರ ಮುಂದಿನ ಪುಟದಾಗ ಹುಡುಕಬ್ಯಾಡ, ಹಿಂದಿನ ಪುಟದಾಗ ಐತಿ. ಆ ನ್ಯಾಯಾ ಹೇಳೂಕಿಂತ ಮೊದಲ ಅರಸ ದೇವ್ರ ಹತ್ರ ಏನ ಬೇಡಿದ ಅಂತ ನೋಡು. ಜ್ಞಾನ ಅಂದ್ರ..." ಅಷ್ಟರಲ್ಲಿ ಸಿಗ್ನಲ್ ಹೋಯಿತು.

ನೇಮಣ್ಣ ಒಳಗೆ ಓಡಿದ. ವೇದಪುಸ್ತಕದ ಮೇಲೆ ಯಾರದೋ ಬ್ಲೌಸು, ಅದರ ಮೇಲೆ ಲೈನಿಂಗ್, ಅದರ ಮೇಲೆ ಇಸ್ತ್ರಿ. ಎಲ್ಲ ಸರಿಸಿ, ಕನ್ನಡಕ ಹುಡುಕಿ, ಪುಟ ತಿರುವುವ ಹೊತ್ತಿಗೆ ಹೊರಗಿನ ಒದರಾಟ ನಿಂತಿತ್ತು. ಅವನು ಪುಸ್ತಕ ಮುಚ್ಚಿ ಹಾಗೇ ಕುಳಿತ. ಆ ಮರಿ ತನ್ನ ಟೇಪು ಅಗಿದದ್ದು ನೆನಪಾಗಿ ನಿಜಕ್ಕೂ ಸಂಕಟವಾಯಿತು.

ಆಮೇಲೆ ಇನ್ನೊಂದು ತಕರಾರು ಬಂತು. ಮೈಯೇನೋ ಎರಡು ಪಾಲಾಯಿತು, ತಲೆ ಒಂದೇ. ನನಗೆ ನನಗೆ ಎಂದು ಮತ್ತೆ ಶುರುವಾಗುವಷ್ಟರಲ್ಲಿ ಖಲೀಲ ಅದನ್ನೂ ಬಗೆಹರಿಸಿದ. ತಲೆ, ಕಾಲು ಪಂಚರ ಪಾಲು. ಬೇಡವೆಂದರೂ ಬಿಡದೆ ಒಂದು ಬೋಗುಣಿಯಲ್ಲಿ ಇಟ್ಟು ನೇಮಣ್ಣನ ಅಡಿಗೆಮನೆಯ ಕಟ್ಟೆಯ ಮೇಲೆ ತಂದಿರಿಸಿದ. ಮಧ್ಯಾಹ್ನಕ್ಕೆ ಎರಡೂ ಮನೆಗಳಿಂದ ಒಂದೊಂದು ಬಟ್ಟಲು ಸಾರು ಬಂತು. ನೇಮಣ್ಣ ಮೊದಲು ಒಲ್ಲೆ ಎಂದ. ಆಮೇಲೆ ಖಾತುನಬಿಯ ಸಾರು ಹೇಗಿದೆ ನೋಡೋಣ ಎಂದ. ಆಮೇಲೆ ತಿಪ್ಪವ್ವ ಬೇಜಾರಾದಾಳು ಎಂದು ಎರಡನೆಯದನ್ನೂ ಮುಗಿಸಿದ.

ಸಂಜೆ ಓಣಿಯೆಲ್ಲ ಒಗ್ಗರಣೆಯ ವಾಸನೆಯಲ್ಲಿ ಮುಳುಗಿದ್ದಾಗ ರೇವಣಪ್ಪ ಆಡು ಹೊಡೆದುಕೊಂಡು ಬಂದ. ಅವನ ಮುಂದೆ ಎರಡು ಕರಿ ಮರಿಗಳು ಜಿಗಿದಾಡುತ್ತಿದ್ದವು. ಒಂದು ತಿಪ್ಪವ್ವನ ಮನೆಗೆ ನುಗ್ಗಿತು, ಇನ್ನೊಂದು ಖಾತುನಬಿಯ ಮನೆಗೆ.

"ನಿನ್ನಿ ಅಗರಖೇಡದ ಕಡೆ ಹೊಲದಾಗ ಹಿಂದ ಉಳಿದಿದ್ದವು. ಅಲ್ಲೇ ಹಟ್ಟ್ಯಾಗ ಕಟ್ಟಿಸಿದ್ದೆ" ಎಂದ ರೇವಣಪ್ಪ. "ಯಾಕ, ಎಲ್ಲಾರೂ ಹಿಂಗ್ಯಾಕ ನಿಂತೀರಿ?"

ತಿಪ್ಪವ್ವ ಕೈಯಲ್ಲಿದ್ದ ಸೌಟನ್ನು ನೋಡಿದಳು. ಖಾತುನಬಿ ತಿಪ್ಪವ್ವನನ್ನು ನೋಡಿದಳು. ಖಲೀಲ ನೇಮಣ್ಣನನ್ನು ನೋಡಿದ.

"ಹಂಗಾದ್ರ ನಾವು ಕಡಿದದ್ದು ಯಾರದು?" ಎಂದ ಖಲೀಲ.

ಇಬ್ಬರು ಹೆಂಗಸರೂ ಒಂದೇ ದನಿಯಲ್ಲಿ ಹೇಳಿದರು. "ನ್ಯಾಯಾ ಹೇಳಿದಾಂವ ನೇಮಣ್ಣ. ಮಾಲಕ ಬಂದ್ರ ಅವನ ಜವಾಬು ಕೊಡ್ತಾನ."

"ಒಂದ ಮರಿ ನಾನ ನಿನ್ನಿ ಮಾರೀನಿ" ಎಂದ ರೇವಣಪ್ಪ. ನೇಮಣ್ಣನ ಮುಖವನ್ನೇ ದಿಟ್ಟಿಸುತ್ತ, "ಯಾಕ, ನಿನಗ ಮನ್ಯಾಗ ಹೇಳಿಲ್ಲೇನು?" ಎಂದ.

ಆಗ ಆಟೋ ಬಂದು ನಿಂತಿತು. ಸುವಾರ್ತಾ ಇಳಿದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ತಂಗಿಯ ಹೊಲದ ಹಸಿ ಮೇವಿನ ಕಟ್ಟು. ಯಾರನ್ನೂ ಮಾತಾಡಿಸದೆ ಮನೆ ದಾಟಿ ನೇರ ಹಿತ್ತಿಲಿಗೆ ಹೋದಳು. ಬಾ ಬಾ ಎಂದು ಕರೆದದ್ದು ಹೊರಗಿದ್ದವರಿಗೆಲ್ಲ ಕೇಳಿತು. ಮತ್ತೊಮ್ಮೆ ಕರೆದಳು. ಓಣಿಯ ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು.

ನೇಮಣ್ಣ ಒಳಗೆ ಬರುವ ಹೊತ್ತಿಗೆ ಸುವಾರ್ತಾ ಅಡಿಗೆಮನೆಯಲ್ಲಿ ಬೋಗುಣಿಯ ಮುಚ್ಚಳ ಎತ್ತಿ ನಿಂತಿದ್ದಳು. ಹಣೆಯ ಬಿಳಿ ಮಚ್ಚೆ ಮೇಲಕ್ಕೇ ಕಾಣುತ್ತಿತ್ತು.

"ಹಿತ್ತಲದಾಗ ನೀಲಿ ಪಟ್ಟಿಲೆ ಮರಿ ಕಟ್ಟೇನಿ, ಗಂಟು ಸಡಲ ಐತಿ, ನೋಡ್ಕೊಳ್ರಿ ಅಂತ ಮುಂಜಾನೆ ಹೇಳಿ ಹೋಗಿದ್ನಲ್ರಿ. ಕೈ ಎತ್ತಿದ್ರಿ ನೀವು."

ನೇಮಣ್ಣ ಇದ್ದದ್ದನ್ನೆಲ್ಲ ಹೇಳಿದ. ಅರಸನ ಕತೆ, ಕತ್ತಿ, ಬಸ್ಸಿನಲ್ಲಿ ಸಭಾಪಾಲಕರು ಹೇಳಿದ ಹಿಂದಿನ ಪುಟ, ಒಂದೂ ಬಿಡಲಿಲ್ಲ. ಸುವಾರ್ತಾ ಮುಂದಿನ ಖೋಲಿಗೆ ಬಂದು ಪುಸ್ತಕ ತೆಗೆದು ಆ ಹಿಂದಿನ ಪುಟ ಓದಿದಳು. ಮಂದಿಯ ಮಾತನ್ನು ಕೇಳಿ ತಿಳಿದುಕೊಳ್ಳುವ ಮನಸ್ಸು ಕೊಡು ಎಂದು ಅರಸ ದೇವರನ್ನು ಬೇಡಿಕೊಂಡದ್ದು ಅಲ್ಲಿತ್ತು. ಅವಳು ಆ ಜಾಗದ ಮೇಲೆ ಬೆರಳಿಟ್ಟು ಪುಸ್ತಕವನ್ನು ಗಂಡನ ಕಡೆ ತಿರುಗಿಸಿದಳು. ನೇಮಣ್ಣ ಓದಿದ. ನಾಚಿಕೆಯಿಂದ ಕಿವಿ ಕೆಂಪಾದವು.

"ಆದ್ರೂ ಮರಿ ಯಾಕ ತಂದಿದ್ದಿ ನೀ?" ಎಂದು ಮೆಲ್ಲಗೆ ಕೇಳಿದ.

"ಹರಕಿ ಹೊತ್ತಿದ್ದೆ. ಸುಗ್ಗಿ ಹಬ್ಬಕ್ಕ ಒಂದು ಹೋತ ಕೊಡ್ತೇನಿ ದೇವ್ರ ಅಂತ. ಮೊದಲ ತಂದು ಕಟ್ಟಿದ್ರ ದೇವ್ರಿಗೂ ನೆಂಪಿರತೈತಿ ಅಂತ ತಂದೆ."

"ಏನಂತ ಹರಕಿ?"

ಸುವಾರ್ತಾ ಬೋಗುಣಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ನಮ್ಮ ಮನಿಯವ್ರಿಗೆ ಒಂದೀಟು ಬುದ್ಧಿ ಕೊಡಪಾ ಅಂತ."

ನೇಮಣ್ಣ ಸ್ಟೂಲಿನ ಮೇಲೆ ಕುಸಿದ. "ಈಗೇನ್ ಮಾಡ್ತಿ?"

"ಮಾಡೂದೇನು? ಇದು ಒಂದು ಹೋತದಾಗ ಆಗೂ ಕೆಲಸ ಅಲ್ಲಂತ ಗೊತ್ತಾತು. ಎರಡು ಬೇಡ್ಕೋತೇನಿ."

ಐತವಾರ ಸುಗ್ಗಿ ಹಬ್ಬಕ್ಕೆ ಹಿಂದೆಂದೂ ಇಲ್ಲದಷ್ಟು ಜನ ಸೇರಿದ್ದರು. ಹರಾಜು ನೋಡುವ ನೆಪದಲ್ಲಿ ಓಣಿಗೆ ಓಣಿಯೇ ಬಂದು ಹಿಂದಿನ ಬೆಂಚುಗಳಲ್ಲಿ ಕುಳಿತಿತ್ತು. ಸಭಾಪಾಲಕರು ಆಳವಾದ ಸಾಕ್ಷಿಯೊಂದು ಬರಲಿದೆ ಎಂದು ಮೊದಲೇ ಸಾರಿ, ನೇಮಣ್ಣನ ಕಡೆ ಪ್ರೀತಿಯಿಂದ ನೋಡಿದರು. ನೇಮಣ್ಣ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಟೈಫಾಯ್ಡ್ ಬಂದು ಹೋದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಕುಳಿತುಕೊಂಡ.

ಹಿಂದಿನ ಬೆಂಚಿನಿಂದ ಯಾರೋ ಮ್ಯಾ ಎಂದರು.