ಬೇಸ್‌ಬಾಲ್ ಪದಬಂಧವೂ ನನ್ನ ಪೆನ್ನೂ

ಖಾಲಿ ಚೌಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಕಾಯಿಲೆ ಎಂಬುದು ನನ್ನ ಹೆಂಡತಿ ಸುಮಾಳ ಅಭಿಪ್ರಾಯ, ಶಿಸ್ತು ಎಂಬುದು ನನ್ನದು. ಮೈಸೂರಿನಲ್ಲಿದ್ದಾಗ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಪದಬಂಧ ತುಂಬಿಬಿಡುತ್ತಿದ್ದೆ, ಅದೂ ಪೆನ್ನಿನಲ್ಲಿ. ಪೆನ್ಸಿಲ್ಲಿನಲ್ಲಿ ಬರೆಯುವವರಿಗೆ ತಮ್ಮ ಮೇಲೆ ತಮಗೇ ನಂಬಿಕೆ ಇರುವುದಿಲ್ಲವೆಂದು ಗುಮಾಸ್ತರಾಗಿದ್ದ ನಮ್ಮಪ್ಪ ಹೇಳುತ್ತಿದ್ದರು. ನೆದರ್ಲೆಂಡ್ಸಿನ ನ್ಯೂವೆಗೈನ್‌ಗೆ ಕೆಲಸಕ್ಕೆಂದು ಬಂದ ಹೊಸದರಲ್ಲಿ, ಒಂದು ಅರ್ಜಿಯಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದಿದ್ದ ಚೌಕಗಳನ್ನೂ ತುಂಬಿ ಕೊಟ್ಟಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ ಅರ್ಜಿ ಕೊಟ್ಟು, ನಾನು ತುಂಬಿ ಮುಗಿಸುವವರೆಗೂ ಎದುರಿಗೇ ನಿಂತಿದ್ದಳು.

ನಮ್ಮದು ಸಾಲುಮನೆ. ಪಕ್ಕದ ಗೋಡೆಯಾಚೆ ಹೆಂಕ್ ಮತ್ತು ರಿಯಾ ಎಂಬ ವಯಸ್ಸಾದ ದಂಪತಿ ಇದ್ದಾರೆ. ಇಲ್ಲಿನವರ ಮನೆಯ ಶೌಚಾಲಯದಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಅದರಲ್ಲಿ ವಾರವಿಲ್ಲ, ತಿಥಿಯಿಲ್ಲ, ಇಸವಿಯೂ ಇಲ್ಲ. ಬೇಕಾದವರ ಹುಟ್ಟುಹಬ್ಬ ಮರೆಯದಿರಲೆಂದು ಆಯಾ ತಾರೀಕಿನ ಮನೆಯಲ್ಲಿ ಅವರವರ ಹೆಸರು ಬರೆದಿರುತ್ತಾರೆ. ಅದರಲ್ಲಿ ಹೆಸರು ಬಂದರೆ ನೀನು ಅವರ ಮನುಷ್ಯನಾದ ಹಾಗೆ, ಪರ್ಮಿಟ್ಟು ಗಿರ್ಮಿಟ್ಟು ಎಲ್ಲ ಆಮೇಲಿನ ಮಾತು ಎಂದು ಆಫೀಸಿನ ಗೆಳೆಯನೊಬ್ಬ ಹೇಳಿದ್ದ. ಅವತ್ತಿನಿಂದ ನನಗೆ ಅದೇ ಧ್ಯಾನ. ನಾಲ್ಕು ವರ್ಷದಲ್ಲಿ ಅವರ ಮನೆಗೆ ಹೋದಾಗಲೆಲ್ಲ ಅಗತ್ಯವಿರಲಿ ಬಿಡಲಿ ಒಳಗೆ ಹೋಗಿ ನನ್ನ ತಾರೀಕು ನೋಡಿ ಬರುತ್ತಿದ್ದೆ. ನನ್ನ ಹೆಸರು ವೆಂಕಟೇಶ. ಸುಮಾ ಹುಬ್ಬಳ್ಳಿಯವಳು, ಅವಳಿಗೆ ಈ ಆಸೆಯೇ ಸೇರುತ್ತಿರಲಿಲ್ಲ.

“ಅಲ್ರೀ, ತಿಮ್ಮಪ್ಪನ ಹೆಸರು ಇಟ್ಕೊಂಡು ಕಕ್ಕಸಿನ ಗ್ವಾಡಿ ಮ್ಯಾಲ ಹತ್ತಬೇಕಂತೀರಲ್ಲ, ನಿಮಗೇನ್ ಹೇಳಬೇಕು?” ಎಂದಿದ್ದಳು. ‘ವೆಂಕಿ’ ಎಂದು ಬರೆಸಿಕೊಂಡರೆ ಪಾಪವೂ ಅರ್ಧವಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಒಂದು ದಾರಿ ಹುಡುಕಿಕೊಂಡಿದ್ದೆ.

ಹೋದ ಚಳಿಗಾಲದಲ್ಲಿ ರಿಯಾಳ ಹುಟ್ಟುಹಬ್ಬಕ್ಕೆ ನಮ್ಮನ್ನು ಕರೆದರು. ಇಲ್ಲಿ ಹುಟ್ಟುಹಬ್ಬವೆಂದರೆ ಎಲ್ಲರೂ ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುವುದು. ಹುಟ್ಟಿದವರಿಗೆ ಮಾತ್ರವಲ್ಲ, ಅವರ ಗಂಡನಿಗೆ, ನಾದಿನಿಗೆ, ನಾದಿನಿಯ ಗೆಳತಿಗೆ, ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ನಾನು ಹದಿನಾಲ್ಕು ಕೈ ಕುಲುಕಿ, ಒಬ್ಬರಿಗೆ ಎರಡು ಸಲ ಅಭಿನಂದಿಸಿ, ಒಂದು ತುಂಡು ಕೇಕ್ ತಿಂದು, ಎದ್ದು ನನ್ನ ತಾರೀಕು ನೋಡಲು ಹೋದೆ. ಖಾಲಿ. ಹಿಂದಿನ ದಿನದ ಮನೆಯಲ್ಲಿ ಅವರ ನಾಯಿಯ ಹೆಸರಿತ್ತು.

ಸಿಟ್ಟು ಬಂತು. ಸಿಟ್ಟಿನಲ್ಲಿ ತಿರುಗಿದರೆ ಬಾಗಿಲ ಹಿಂಬದಿಯಲ್ಲಿ, ಕಣ್ಣಿನ ಎತ್ತರಕ್ಕೆ, ಕೈಯಲ್ಲಿ ಗೆರೆ ಎಳೆದು ಮಾಡಿದ ಒಂದು ಇಂಗ್ಲಿಷ್ ಪದಬಂಧ ಅಂಟಿಸಿದ್ದರು. ವಿಷಯ, ಬೇಸ್‌ಬಾಲ್ ಆಟದ ಆರಂಭದ ದಿನಗಳು. ಅರ್ಧ ತುಂಬಿತ್ತು, ಅರ್ಧ ಖಾಲಿ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ಲೊಂದು ನೇತಾಡುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ.

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಕ್ರಿಕೆಟ್ ಅಲ್ಲ ಎಂಬುದೊಂದೇ. ಅದನ್ನೂ ನಾನು ಪೂರ್ತಿ ನಂಬಿರಲಿಲ್ಲ. ಆ ಕಾಲದಲ್ಲಿ ಚೆಂಡು ಹೊಡೆಯುವವನಿಗೆ ಏನೆನ್ನುತ್ತಿದ್ದರು, ಏಳು ಅಕ್ಷರ. ‘ಬ್ಯಾಟ್ಸ್‌ಮನ್’ ಎಂದು ಇಂಗ್ಲಿಷಿನಲ್ಲಿ ಬರೆದೆ, ಸರಿಯಾಗಿ ಏಳು. ಅವನು ಗಳಿಸಿದ್ದಕ್ಕೆ ಏನೆನ್ನುತ್ತಿದ್ದರು, ಮೂರು ಅಕ್ಷರ. ‘ರನ್’, ಇನ್ನೇನು? ಚೆಂಡು ಹಿಡಿಯುವವರ ಕೈ ಹೇಗಿರುತ್ತಿತ್ತು, ನಾಲ್ಕು ಅಕ್ಷರ. ಕ್ಯಾಚ್ ಹಿಡಿಯುವವನ ಕೈ ಮೆತ್ತಗಿರಬೇಕೆಂದು ಕಾಲೇಜಿನ ಕೋಚ್ ಬಡಿದುಕೊಳ್ಳುತ್ತಿದ್ದರು, ‘ಸಾಫ್ಟ್’ ಎಂದು ಬರೆದೆ. ಅಡ್ಡಸಾಲು ಉದ್ದಸಾಲು ಜಗಳವಾಡಿದ ಕಡೆ ಒಂದಕ್ಷರದ ಮೇಲೆ ಇನ್ನೊಂದನ್ನು ದಪ್ಪಗೆ ಬರೆದು ರಾಜಿ ಮಾಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಒಂದು ಚೌಕವೂ ಉಳಿಯಲಿಲ್ಲ.

ಹೊರಗೆ ಬಂದರೆ ಎಲ್ಲರೂ ನನ್ನ ಮುಖ ನೋಡದೆ ಕಾಫಿ ಕುಡಿಯುತ್ತಿದ್ದರು. ರಿಯಾ ಸದ್ದಿಲ್ಲದೆ ನನ್ನ ಮುಂದಿದ್ದ ಕೇಕಿನ ತಟ್ಟೆ ತೆಗೆದು, ಹೊಟ್ಟೆ ಕೆಟ್ಟವರಿಗೆ ಇಡುವ ಹಾಗೆ ಎರಡು ಒಣ ರಸ್ಕು ಇಟ್ಟಳು. ಸುಮಾ ಸೂರು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೆಂಕ್ ಎದ್ದು ಒಳಗೆ ಹೋದ. ತಿರುಗಿ ಬಂದವನು ಕೂರಲಿಲ್ಲ. ನನ್ನ ಜೇಬಿನ ಪೆನ್ನನ್ನೇ ನೋಡುತ್ತ ನಿಂತ. ಹೊಗಳುತ್ತಾನೆ ಎಂದುಕೊಂಡು ನಾನೇ ಮುಂದಾಗಿ, ಹೌದು, ಪದಬಂಧ ಪೂರ್ತಿ ಮುಗಿಸಿದೆ ಎಂದೆ.

“ಅದು ನಿನ್ನದಲ್ಲ, ನನ್ನದು” ಎಂದ ಹೆಂಕ್. ಈ ಊರಿನವರು ಇಂಥದ್ದನ್ನು ಕೂಗಿ ಹೇಳುವುದಿಲ್ಲ, ಸುಮ್ಮನೆ ಹೇಳುತ್ತಾರೆ.

ಉಳಿದದ್ದನ್ನು ರಿಯಾ ಹೇಳಿದಳು. ಹೆಂಕ್ ಪ್ರಾಯದಲ್ಲಿ ಇಲ್ಲಿಯ ತಂಡವೊಂದರಲ್ಲಿ ಬೇಸ್‌ಬಾಲ್ ಆಡುತ್ತಿದ್ದನಂತೆ. ಇವನು ಎಸೆದ ಚೆಂಡನ್ನು ಹಿಡಿಯುತ್ತಿದ್ದವನು ಕೇಸ್ ಎಂಬ ಗೆಳೆಯ, ಈಗ ಅಮೆರಿಕದಲ್ಲಿದ್ದಾನೆ. ಪದಬಂಧ ಮಾಡಿ ಕಳಿಸಿದವನು ಅವನೇ. ಭಾನುವಾರ ಸಂಜೆ ಹೆಂಕ್ ಫೋನಿನಲ್ಲಿ ಒಂದೇ ಒಂದು ಉತ್ತರ ಹೇಳಬೇಕು, ಅದರ ಮೇಲೆ ಇಬ್ಬರೂ ಒಂದು ಗಂಟೆ ವಾದ ಮಾಡಬೇಕು. ಪದಬಂಧ ಮುಗಿದರೆ ಮಾತಾಡಲು ಮಂಡಿನೋವು ಬಿಟ್ಟರೆ ಬೇರೇನೂ ಉಳಿಯುವುದಿಲ್ಲವೆಂದು ಹೆಂಕ್ ಅದನ್ನು ಬೇಕೆಂದೇ ಎಳೆಯುತ್ತಿದ್ದ. ಕೇಳುತ್ತ ಕೇಳುತ್ತ ನನಗೆ ನಿಜವಾಗಿಯೂ ಹೊಟ್ಟೆ ಕಲಸಿತು. ರಸ್ಕು ತಿಂದೆ.

ಆ ವಾರ ನನ್ನಷ್ಟು ಕೆಟ್ಟವನು ಈ ದೇಶದಲ್ಲಿ ಇಲ್ಲವೆನಿಸಿತು. ಇಬ್ಬರು ಮುದುಕರ ಭಾನುವಾರಗಳನ್ನೆಲ್ಲ ಒಂದೇ ಏಟಿಗೆ ತಿಂದು ಹಾಕಿದ್ದೆ. ಹೆಂಕ್ ಎದುರಾದಾಗ ಹವಾಮಾನದ ಬಗ್ಗೆ ಕೂಡ ಮಾತಾಡಲಿಲ್ಲ, ಇಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಭಾನುವಾರ ಸಂಜೆ ನಾನು ಗೋಡೆಗೆ ಕಿವಿ ಕೊಟ್ಟು ಕೂತೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಹೆಂಕ್ ನಗುವುದು ಕೇಳಿತು. ನಿಲ್ಲಿಸಿದ, ಮತ್ತೆ ನಕ್ಕ, ಕೆಮ್ಮು ಬಂದರೂ ಬಿಡದೆ ನಕ್ಕ.

ಮರುದಿನ ಸಂಜೆ ಬೆಲ್ ಮಾಡಿದ. ಹೊಡೆಯುವವನು ‘ಸ್ಟ್ರೈಕರ್’ ಅಂತೆ, ಗಳಿಸಿದ್ದು ‘ಏಸ್’ ಅಂತೆ. ಆಗ ಗ್ಲೌಸೇ ಇರಲಿಲ್ಲವಾದ್ದರಿಂದ ಕೈ ಸಾಫ್ಟ್ ಅಲ್ಲ, ‘ಬೇರ್’, ಬರಿಗೈ.

“ನೀನು ಬರೆದದ್ದರಲ್ಲಿ ಒಂದೂ ಸರಿಯಿಲ್ಲ” ಎಂದ ಹೆಂಕ್, ತುಂಬ ಸಂತೋಷದಿಂದ. “ವಾರಕ್ಕೊಂದು ತಪ್ಪು ಹಿಡಿದು ಮಾತಾಡಿದರೂ ನಮಗೆ ಇನ್ನೊಂದು ವರ್ಷಕ್ಕೆ ಸಾಕು.”

ಮೊನ್ನೆ ಮತ್ತೆ ಕಾಫಿಗೆ ಕರೆದಿದ್ದರು. ಪದಬಂಧ ಅಲ್ಲೇ ಇತ್ತು, ಆದರೆ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಹೆದರುತ್ತಲೇ ಕ್ಯಾಲೆಂಡರಿನ ಹಾಳೆ ಮಗುಚಿದೆ. ನಾಯಿಯ ಕೆಳಗಿನ ಮನೆಯಲ್ಲಿ, ನನ್ನ ತಾರೀಕಿಗೆ ಸರಿಯಾಗಿ, ವೆಂಕಟೇಶ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದೆ. ನಾಯಿ ಸಮೇತ ಎಲ್ಲರ ಹೆಸರೂ ಪೆನ್ನಿನಲ್ಲಿತ್ತು, ನನ್ನದೊಂದೇ ಪೆನ್ಸಿಲ್ಲಿನಲ್ಲಿ. ನಾನೇ ಅದರ ಮೇಲೆ ಶಾಯಿಯಲ್ಲಿ ತಿದ್ದಿಬಿಡೋಣವೆಂದು ಜೇಬಿಗೆ ಕೈ ಹಾಕಿದೆ. ಪೆನ್ನನ್ನು ಸುಮಾ ನಮ್ಮ ಮನೆ ಬಿಡುವಾಗಲೇ ಕಿತ್ತುಕೊಂಡಿದ್ದಳು.